ಗಾಲಿಗೆ ತೊಡಿಸಿದ ಜೋಡು

ಕಾರಿನ ಹಿಂದಿನ ಗಾಲಿ ಬಿಚ್ಚಿ, ಡ್ರಮ್ ಎಳೆದು ತೆಗೆದರೆ ಒಳಗೆ ಅರ್ಧಚಂದ್ರದ ಆಕಾರದ ಎರಡು ಕಬ್ಬಿಣದ ತುಂಡುಗಳು ಕಾಣುತ್ತವೆ. ಅವುಗಳ ಬೆನ್ನ ಮೇಲೆ ಒರಟಾದ ಒಂದು ಕಪ್ಪು ಪಟ್ಟಿ. ಗದಗದ ಗ್ಯಾರೇಜಿಗೆ ಹೋಗಿ, ಬೆಂಗಳೂರಿನ ಹವಾನಿಯಂತ್ರಿತ ಸರ್ವಿಸ್ ಸೆಂಟರಿಗೆ ಹೋಗಿ, ಅದಕ್ಕೆ ಹೆಸರು ಒಂದೇ: ಶೂ. ‘ಶೂ ಸವದಾವ್ರಿ, ಹೊಸಾವು ಹಾಕಬೇಕ್ರಿ’ ಅಂತಾನೆ ಮಿಸ್ತ್ರಿ. ನಾವೂ ತಲೆಯಾಡಿಸಿ ದುಡ್ಡು ಕೊಟ್ಟು ಬರ್ತೀವಿ. ಕಾಲಿಗೆ ಹಾಕುವ ಜೋಡಿಗೂ ಕಾರು ನಿಲ್ಲಿಸುವ ಕಬ್ಬಿಣಕ್ಕೂ ಒಂದೇ ಹೆಸರು ಯಾಕೆ ಅಂತ ಯಾರೂ ಕೇಳೋದಿಲ್ಲ.

ಕಾರು ಹುಟ್ಟುವ ಮೊದಲೇ ಈ ಹೆಸರು ಹುಟ್ಟಿತ್ತು. ಯುರೋಪಿನ ಗುಡ್ಡಗಾಡು ಊರುಗಳಲ್ಲಿ ಕುದುರೆ ಗಾಡಿ ಇಳಿಜಾರಿಗೆ ಬಂದಾಗ ಹಿಂದಿನ ಗಾಲಿಯ ಕೆಳಗೆ ಕಬ್ಬಿಣದ ಒಂದು ತಟ್ಟೆ ಕೊಡುತ್ತಿದ್ದರು. ಗಾಲಿ ಅದರೊಳಗೆ ಕಾಲಿಟ್ಟ ಹಾಗೆ ಕೂತು, ಉರುಳುವುದು ಬಿಟ್ಟು ನೆಲಕ್ಕೆ ಉಜ್ಜುತ್ತಾ ಇಳಿಯುತ್ತಿತ್ತು. ಅದು ಗಾಲಿಗೆ ತೊಡಿಸಿದ ಜೋಡು. ಆಮೇಲೆ ಗಾಲಿಯ ಅಂಚಿಗೆ ಒತ್ತುವ ಕಟ್ಟಿಗೆಯ ತುಂಡು ಬಂತು, ಅದಕ್ಕೂ ಅದೇ ಹೆಸರು ಉಳಿಯಿತು.

ನಮ್ಮ ಕಡೆ ಈ ಜೋಡಿನ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ನನ್ನೂರು ಕಳಸಾಪುರ, ಗದಗದ ಮಗ್ಗುಲಿಗೇ ಇದೆ. ಒಂದು ಕಡೆ ಕಪ್ಪತಗುಡ್ಡದ ಸಾಲು ಬಿಟ್ಟರೆ ಉಳಿದದ್ದೆಲ್ಲ ಕಣ್ಣು ಹಾಯುವ ತನಕ ಎರಿ ಹೊಲ. ಇಂಥ ನೆಲದಲ್ಲಿ ಚಕ್ಕಡಿಗೆ ಎತ್ತೇ ಎಂಜಿನ್, ಎತ್ತೇ ಬ್ರೇಕ್. ಹಗ್ಗ ಜಗ್ಗಿ ‘ಹೋ, ಹೋ’ ಅಂದರೆ ಎತ್ತು ನೊಗಕ್ಕೆ ಕುತ್ತಿಗೆ ಕೊಟ್ಟು ಹಿಂದಕ್ಕೆ ಒರಗುತ್ತಿತ್ತು, ಗಾಡಿ ನಿಲ್ಲುತ್ತಿತ್ತು. ಕಷ್ಟ ಶುರುವಾಗುತ್ತಿದ್ದದ್ದು ಘಟ್ಟದಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿ (ಆಗ ಗದಗವೂ ಅದರೊಳಗೇ ಇತ್ತು) ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ನಮ್ಮ ಎರಿ ಹೊಲದ ಹತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಅಂತ ಹೆಸರು ಬಂದದ್ದು ಹಾಗೆ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಭಾರೀ ಬೇಡಿಕೆ ಬಂತು. ಅಂಡಿಗೆ ತುಂಬಿದ ಗಾಡಿ ಇಳಿಜಾರಿನಲ್ಲಿ ಎತ್ತಿನ ಮೇಲೇ ಏರಿ ಬರುವಂಥ ದಾರಿ ಅದು. ಬಯಲಿನ ಗಾಡಿ ಬಯಲಿಗೆ ಸರಿ. ಘಟ್ಟ ಕೇಳುವುದು ಬೇರೆಯದೇ ಲೆಕ್ಕ.

ಕಾರಿನ ಬ್ರೇಕಿಗೆ ಮೊದಲ ‘ಅಪ್‌ಗ್ರೇಡ್’ ಆದದ್ದೂ ಇಂಥದೇ ಇಳಿಜಾರಿನಲ್ಲಿ, ಅದೂ ಒಬ್ಬ ಚಮ್ಮಾರನ ಕೈಯಲ್ಲಿ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಅನ್ನುವ ಹೆಣ್ಣುಮಗಳು ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಟ್ಟಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ಸುಮಾರು 106 ಕಿಲೋಮೀಟರ್ ದಾರಿ. ಕಾರಿನಲ್ಲಿ ಅಷ್ಟು ದೂರ ಅದಕ್ಕೂ ಮೊದಲು ಯಾರೂ ಹೋಗಿರಲಿಲ್ಲ. ಇಳಿಜಾರುಗಳಲ್ಲಿ ಬ್ರೇಕಿನ ಕಟ್ಟಿಗೆ ಸವೆದು ಹೋಗುತ್ತಾ ಬಂತು. ದಾರಿಯ ಒಂದು ಹಳ್ಳಿಯಲ್ಲಿ ಆಕೆ ಚಮ್ಮಾರನನ್ನು ಹುಡುಕಿ, ಬ್ರೇಕಿನ ತುಂಡಿಗೆ ಚರ್ಮ ಹೊಡೆಸಿದಳು. ಇವತ್ತು ನಾವು ಲೈನರ್ ಅನ್ನುವ ವಸ್ತುವಿನ ಹುಟ್ಟು ಅದು. ಎಂಜಿನ್ ಕಂಡುಹಿಡಿದವನಿಗೆ ಹೊಳೆಯದ್ದು ಓಡಿಸಿದವಳಿಗೆ ಹೊಳೆಯಿತು. ಯಾಕಂದ್ರೆ ಇಳಿಜಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡಿದ್ದವಳು ಅವಳು.

ಇದಾಗಿ ಒಂಬತ್ತು ವರ್ಷಕ್ಕೆ, 1897ರಲ್ಲಿ, ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳ ನಡುವೆ ಹರ್ಬರ್ಟ್ ಫ್ರೂಡ್ ಎಂಬಾತ ಇದನ್ನೇ ಬೇರೆ ಕಡೆಯಿಂದ ನೋಡಿದ. ಅಲ್ಲಿನ ಗಾಡಿಯವರು ಇಳಿಜಾರಿಗೆ ಮೊದಲು ಹಳೇ ಬೂಟಿನ ಚರ್ಮವನ್ನು ಬ್ರೇಕಿಗೆ ಹೊಡೆದುಕೊಳ್ಳುತ್ತಿದ್ದರು. ಚರ್ಮ ಹಿಡಿಯುತ್ತಿತ್ತು, ಆದ್ರೆ ಬೇಗ ಸುಟ್ಟು ಹೋಗುತ್ತಿತ್ತು. ಅದಕ್ಕಿಂತ ಗಟ್ಟಿಯಾದ ಪಟ್ಟಿ ಮಾಡಲು ಹೊರಟ ಫ್ರೂಡ್ ತನ್ನ ಹೆಸರಿನ ಅಕ್ಷರಗಳನ್ನೇ ತಿರುಗಾ ಮುರುಗಾ ಮಾಡಿ, ಒಂದು ಅಕ್ಷರ ಸೇರಿಸಿ ಕಂಪನಿಗೆ ಹೆಸರಿಟ್ಟ: ಫೆರೊಡೊ. ಬಿಡಿಭಾಗದ ಅಂಗಡಿಗಳಲ್ಲಿ ಆ ಹೆಸರು ಇವತ್ತಿಗೂ ಇದೆ. ಹತ್ತಿ, ಕೂದಲು, ಡಾಂಬರು ಎಲ್ಲ ಪ್ರಯತ್ನಿಸಿದ ಮೇಲೆ 1908ರ ಹೊತ್ತಿಗೆ ಅವನಿಗೆ ಸುಡದೆ ಇರುವ ಒಂದು ನಾರು ಸಿಕ್ಕಿತು. ಕಲ್ಲಿನಿಂದ ಬರುವ ನಾರು, ಕನ್ನಡದಲ್ಲಿ ಕಲ್ನಾರು, ಬಾಯಿಮಾತಿನಲ್ಲಿ ಆಸ್ಬೆಸ್ಟಾಸ್. ಈ ನಾರಿನ ಕಥೆಗೆ ಆಮೇಲೆ ಬರ್ತೀನಿ.

1902 ಬ್ರೇಕಿನ ಚರಿತ್ರೆಯಲ್ಲಿ ದೊಡ್ಡ ವರ್ಷ. ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕ್ ರೂಪಿಸಿದ್ದು ಆ ವರ್ಷ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡದ್ದೂ ಅದೇ ವರ್ಷ. ಎರಡೂ ಒಂದೇ ವಯಸ್ಸಿನವು, ಆದರೆ ಗೆದ್ದದ್ದು ಡ್ರಮ್. ಲ್ಯಾಂಚೆಸ್ಟರನ ಡಿಸ್ಕಿನಲ್ಲಿ ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವಂಥ ಸದ್ದು ಬರುತ್ತಿತ್ತು. ಇನ್ನೊಂದು ಕಾರಣ ಡ್ರಮ್ಮಿನ ಒಳಗೇ ಇದೆ. ತಿರುಗುವ ಡ್ರಮ್ ತನ್ನೊಳಗಿನ ಶೂ ಅನ್ನು ತಾನೇ ಎಳೆದು ಬಿಗಿ ಮಾಡಿಕೊಳ್ಳುತ್ತದೆ. ಹಾಗಾಗಿ ಕಾಲಿನಿಂದ ಸ್ವಲ್ಪ ಒತ್ತಿದರೂ ಸಾಕು. ಡಿಸ್ಕಿಗೆ ಈ ಗುಣ ಇಲ್ಲ, ಅದಕ್ಕೆ ಹೊರಗಿನ ಬಲ ಬೇಕು. ಆ ಬಲ ಕೊಡುವ ಬೂಸ್ಟರ್ ಬರುವ ತನಕ ಡಿಸ್ಕ್ ಕಾಯಬೇಕಾಯಿತು.

ಆಮೇಲೆ ಒಂದೊಂದೇ ಬಂತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ತಂತಿ, ಸಲಾಕೆಗಳ ಬದಲು ಪೈಪಿನಲ್ಲಿ ಎಣ್ಣೆ ತುಂಬಿ ನಾಲ್ಕೂ ಗಾಲಿಗೆ ಸಮನಾಗಿ ಒತ್ತಡ ಕೊಡುವ ಬ್ರೇಕ್ ಮಾಡಿದ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಅದು ನಾಲ್ಕೂ ಗಾಲಿಗೆ ಬಂತು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಗೆದ್ದಿತು. ಎರಡು ವರ್ಷ ಬಿಟ್ಟು, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಮುಂದಿನ ಗಾಲಿಗಳಿಗೆ ಡಿಸ್ಕ್ ಹೊತ್ತು ದೊಡ್ಡ ಸಂಖ್ಯೆಯಲ್ಲಿ ರಸ್ತೆಗಿಳಿಯಿತು. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸಿಗೆ ಬಂತು. ಗಮನಿಸಿ ನೋಡಿದರೆ ಪ್ರತಿ ಸಲವೂ ಮೊದಲು ವೇಗ ಬಂದಿದೆ, ಆಮೇಲೆ ಬ್ರೇಕ್. ಈ ಎರಡರ ನಡುವಿನ ವರ್ಷಗಳಲ್ಲಿ ಜನ ಹೇಗೋ ಸಂಭಾಳಿಸಿಕೊಂಡಿದ್ದಾರೆ.

ನಮ್ಮ ದೇಶದಲ್ಲಿ ಆ ನಡುವಿನ ವರ್ಷಗಳು ಬಹಳ ಉದ್ದ. ಅಂಬಾಸಿಡರ್ ತಯಾರಾಗಲು ಶುರುವಾದದ್ದು 1957ರಲ್ಲಿ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ. ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಫಿಯೆಟ್ 1100 ಮಾಡುತ್ತಿತ್ತು, ಅದೇ ಮುಂದೆ ಪದ್ಮಿನಿ ಆಯಿತು. ಎರಡಕ್ಕೂ ನಾಲ್ಕೂ ಗಾಲಿಗೆ ಡ್ರಮ್ಮೇ. ಜಗತ್ತು ಡಿಸ್ಕಿನ ಕಡೆ ಹೊರಳಿದ ಮೇಲೂ ದಶಕಗಟ್ಟಲೆ ನಮ್ಮ ಅಪ್ಪ ಅಜ್ಜಂದಿರು ಡ್ರಮ್ಮಿನ ಮೇಲೇ ಓಡಾಡಿದರು. ಆಮದಿಗೆ ಬೇಲಿ, ಪೈಪೋಟಿ ಇಲ್ಲ, ಕಂಪನಿಗೆ ಬದಲಿಸುವ ದರ್ದೂ ಇಲ್ಲ. ಬಿಡಿಭಾಗದ ಉದ್ಯಮ ಮಾತ್ರ ಬೆಳೆಯಿತು. 1962ರಲ್ಲಿ ಟಿವಿಎಸ್ ಮನೆತನವೂ ಇಂಗ್ಲೆಂಡಿನ ಲ್ಯೂಕಸ್ ಕಂಪನಿಯೂ ಸೇರಿ ಮದ್ರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಶುರು ಮಾಡಿದರು.

ಆ ಕಾಲದಲ್ಲಿ ‘ಬ್ರೇಕ್ ಹಾಕಿಸೋದು’ ಅಂದ್ರೆ ಲೈನರ್ ಹೊಡೆಸೋದು. ಹಳೇ ಶೂ ಎಸೆಯುತ್ತಿರಲಿಲ್ಲ. ಸವೆದ ಪಟ್ಟಿ ಕಿತ್ತು, ಹೊಸ ಪಟ್ಟಿ ಇಟ್ಟು, ರಿವಿಟ್ ಬಡಿದು, ಅಂಚಿಗೆ ಅರ ಹಾಕಿ ಉಜ್ಜಿ ಕೂಡಿಸೋರು. ಲಾರಿಗಳಿಗಂತೂ ಇದು ನಿತ್ಯದ ಕೆಲಸ. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿ ಇಟ್ಟುಕೊಂಡು ಸಾರಿಗೆ ವ್ಯವಹಾರ ಶುರು ಮಾಡಿದ್ದು ಇದೇ ಗದಗದಲ್ಲಿ. ಮುಂದೆ ಅದು ವಿಆರ್‌ಎಲ್ ಆಯಿತು. ಅಂಥ ಲಾರಿಗಳು ಘಟ್ಟ ಇಳಿದು ಹತ್ತಿ ಬರಬೇಕಾದರೆ ಯಾರೋ ಒಬ್ಬರು ಕೂತು ಲೈನರ್ ಹೊಡೆಯಲೇಬೇಕಿತ್ತು. ಚಾಲಕನ ಹೆಸರು ಲಾರಿಯ ಬಾಗಿಲ ಮೇಲಾದರೂ ಬರೆದಿರುತ್ತದೆ, ಲೈನರ್ ಹೊಡೆದವನ ಹೆಸರು ಎಲ್ಲೂ ಇಲ್ಲ.

ಡ್ರಮ್ ಬ್ರೇಕಿನ ಆ ಕಾರುಗಳು ಅಪಾಯದ ಡಬ್ಬಿಗಳಾಗಿದ್ದವಾ? ಪೂರ್ತಿ ಹಾಗಲ್ಲ. ಆಗಿನ ಗದಗ-ಹುಬ್ಬಳ್ಳಿ ರಸ್ತೆಯಲ್ಲಿ ಯಾರೂ ನೂರರ ವೇಗದಲ್ಲಿ ಹೋಗುತ್ತಿರಲಿಲ್ಲ, ಹೋಗಲು ರಸ್ತೆಯೂ ಬಿಡುತ್ತಿರಲಿಲ್ಲ. ವೇಗ ಬಂದದ್ದು ಆಮೇಲೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, 1991ರ ನಂತರ ಹೊರಗಿನ ಕಂಪನಿಗಳು ಬಂದವು, ಸುವರ್ಣ ಚತುರ್ಭುಜ ಯೋಜನೆಯಲ್ಲಿ ಬೆಂಗಳೂರು-ಹುಬ್ಬಳ್ಳಿ-ಪುಣೆ ಹೆದ್ದಾರಿ ನಾಲ್ಕು ಪಥ ಆಯಿತು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಅನ್ನುವುದು ಸಣ್ಣ ಕಾರುಗಳ ರೂಢಿಯಾಯಿತು. ಇವತ್ತಿಗೂ ನಮ್ಮಲ್ಲಿ ಹೆಚ್ಚಿನವರ ಕಾರು ಹಾಗೇ ಇದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಮರ್ಸಿಡಿಸ್‌ಗೂ ನಮಗೂ ನಡುವೆ 41 ವರ್ಷ.

ವೇಗ ಹೆಚ್ಚಾದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ಒಳ್ಳೆಯ ಟೈರು, ಒಣ ಡಾಂಬರು ರಸ್ತೆ ಅಂತ ಇಟ್ಟುಕೊಳ್ಳಿ. 40 ಕಿಲೋಮೀಟರ್ ವೇಗದಲ್ಲಿ ಅಡ್ಡ ಬಂದ ಎಮ್ಮೆಯನ್ನು ಕಂಡು ಕಾಲು ಪೆಡಲಿಗೆ ಬರಲು ಒಂದು ಸೆಕೆಂಡ್, ಅಷ್ಟರಲ್ಲಿ 11 ಮೀಟರ್ ಹೋಯಿತು. ಬ್ರೇಕ್ ಹಿಡಿದು ನಿಲ್ಲಲು ಇನ್ನು 9 ಮೀಟರ್. ಒಟ್ಟು 20. ಅದೇ 80ರ ವೇಗದಲ್ಲಿ ಆ ಒಂದು ಸೆಕೆಂಡಿಗೆ 22 ಮೀಟರ್, ನಿಲ್ಲಲು 36, ಒಟ್ಟು 58. ವೇಗ ಎರಡು ಪಟ್ಟು, ಬ್ರೇಕಿನ ದೂರ ನಾಲ್ಕು ಪಟ್ಟು. ಇನ್ನು ಶಾಖ. ಒಂದು ಟನ್ ತೂಕದ ಕಾರನ್ನು 80ರ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಮುಕ್ಕಾಲು ಲೀಟರ್ ನೀರನ್ನು ಕುದಿಯುವ ಹದಕ್ಕೆ ತರಬಹುದು. ಸಣ್ಣ ಕಪ್ಪಿನಲ್ಲಿ ಹತ್ತು ಕಪ್ ಚಹಾ. ಬ್ರೇಕಿನ ಕೆಲಸ ಏನು ಅಂದ್ರೆ ಇಷ್ಟೇ, ವೇಗವನ್ನು ಶಾಖ ಮಾಡಿ ಗಾಳಿಗೆ ಬಿಡೋದು. ಘಟ್ಟದಲ್ಲಿ ಒಂದಾದ ಮೇಲೆ ಒಂದು ಹೀಗೆ ಹತ್ತು ಕಪ್ ಕುದಿಯುತ್ತಲೇ ಇರುತ್ತೆ.

ಎರಡು ವರ್ಷದ ಹಿಂದೆ ಅಪ್ಪ, ಅವ್ವನನ್ನು ಕರೆದುಕೊಂಡು ಗೋಕರ್ಣಕ್ಕೆ ಹೊರಟಿದ್ದೆ. ಹಳೇ ಸಣ್ಣ ಕಾರು, ಲಕ್ಷ ಕಿಲೋಮೀಟರ್ ದಾಟಿದ್ದು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಮುಂದೆ ಅದಿರಿನ ಲಾರಿಗಳ ಸಾಲು. ಎರಡನೇ ಗೇರಿನಲ್ಲೇ ಇದ್ದೆ, ಆದರೂ ಪ್ರತಿ ತಿರುವಿಗೂ ಬ್ರೇಕ್ ಒತ್ತಬೇಕಿತ್ತು. ನಡುವೆ ಒಂದು ಕಡೆ ಪೆಡಲ್ ಮೆತ್ತಗಾಯಿತು. ಒತ್ತಿದರೆ ಹತ್ತಿಯ ಮೂಟೆಗೆ ಕಾಲಿಟ್ಟ ಹಾಗೆ ಒಳಗೆ ಹೋಗುತ್ತಿತ್ತು. ಅಪ್ಪ ಮುಖ ನೋಡಿಯೇ ತಿಳಿದುಕೊಂಡರು. ‘ಗಡಿಬಿಡಿ ಮಾಡಬ್ಯಾಡ ತಮ್ಮಾ, ಒಂದನೇ ಗೇರಿಗೆ ತಗೋ, ಹ್ಯಾಂಡ್ ಬ್ರೇಕ್ ಸಾವಕಾಶ ಜಗ್ಗು.’ ಎಡಕ್ಕೆ ಅಗಲವಾದ ಜಾಗ ಸಿಕ್ಕಿತು, ನಿಂತೆವು. ಮುಕ್ಕಾಲು ತಾಸು ಅಲ್ಲೇ ಕೂತೆವು. ಅವ್ವ ಬುತ್ತಿ ಬಿಚ್ಚಿದಳು, ನಮ್ಮಿಬ್ಬರಿಗೂ ರೊಟ್ಟಿ ಇಳಿಯಲಿಲ್ಲ.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತವೆ, ನಾವು ಒತ್ತುವ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದಕ್ಕೇ ಹೋಗುತ್ತೆ. ಆ ಪ್ರವಾಸಕ್ಕೆ ನಾಲ್ಕು ತಿಂಗಳ ಮೊದಲಷ್ಟೇ ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ‘ಬ್ರೇಕ್ ಆಯಿಲ್ ಬದಲಾವಣೆ’ ಅಂತ ಬಿಲ್ ಕಟ್ಟಿದ್ದೆ. ಗದಗದ ಮಿಸ್ತ್ರಿ ನಿಪ್ಪಲ್ ಸಡಿಲಿಸಿ ಬಾಟಲಿಗೆ ಹಿಡಿದು ತೋರಿಸಿದಾಗ ಬಂದದ್ದು ಕಾಕಂಬಿಯ ಬಣ್ಣದ ಹಳೇ ಎಣ್ಣೆ.

ಗೆಳೆಯರೆಲ್ಲ ಒಂದೇ ಸಲಹೆ ಕೊಟ್ಟರು. ನಾಲ್ಕೂ ಗಾಲಿಗೆ ಡಿಸ್ಕ್ ಹಾಕಿಸು, ದೊಡ್ಡ ಕಾರಿನ ಕ್ಯಾಲಿಪರ್ ಕೂರುತ್ತೆ, ತೂತು ಕೊರೆದ ಡಿಸ್ಕ್ ತರಿಸು. ನನಗೂ ಆಸೆ ಇತ್ತು. ಕೆಂಪು ಕ್ಯಾಲಿಪರ್ ಯಾರಿಗೆ ಬೇಡ? ಮಿಸ್ತ್ರಿಗೆ ಹೇಳಿದೆ. ಆತ ಕೈ ಒರೆಸಿಕೊಳ್ಳುತ್ತಾ, ‘ಸರ, ಅದು ಆಮ್ಯಾಲಿನ ಮಾತು. ಕಂಪನಿಯವ್ರು ಕೊಟ್ಟ ಬ್ರೇಕ್ ಹ್ಯಾಂಗ್ ಇರಬೇಕಿತ್ತೋ ಹಂಗ ಐತೇನು ಅಂತ ಮೊದ್ಲ ನೋಡೂಣು’ ಅಂದ. ಯೋಚಿಸಿದರೆ ಆ ಮಾತಿನಲ್ಲಿ ನೂರು ವರ್ಷದ ಚರಿತ್ರೆಯೇ ಇದೆ.

ಯಾಕೆ ಅಂತ ಹೇಳ್ತೀನಿ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ಹಿಡಿತ. ಗಾಲಿ ಲಾಕ್ ಆಗುವಷ್ಟು ಬ್ರೇಕ್ ಈಗಾಗಲೇ ಇದ್ದರೆ, ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಮೊದಲ ಸಲ ನಿಲ್ಲುವ ದೂರ ಕಡಿಮೆಯಾಗೋದಿಲ್ಲ. ಅದರ ಲಾಭ ಗೊತ್ತಾಗುವುದು ಹತ್ತನೇ ಸಲ, ಶಾಖ ಏರಿದಾಗ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಗಾಲಿಗಳದ್ದೇ. ಅದಕ್ಕೇ ಹಗುರ ಕಾರಿಗೆ ಹಿಂದೆ ಡ್ರಮ್ ಸಾಕಾಗುತ್ತೆ. ಹಿಂದಿನ ಬ್ರೇಕನ್ನಷ್ಟೇ ಜೋರು ಮಾಡಿದರೆ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯಬಹುದು. ಮುಂದೆ ಹಿಂದೆ ಎಷ್ಟೆಷ್ಟು ಬಲ ಅನ್ನುವ ಹಂಚಿಕೆ ಇಡೀ ಕಾರಿಗೆ ಹೊಂದಿಸಿದ್ದು. ಎಬಿಎಸ್ ಇದ್ದರೆ ಅದರ ಲೆಕ್ಕವೂ ಅದೇ ಹಂಚಿಕೆಯ ಮೇಲೆ ನಿಂತಿರುತ್ತೆ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಬೇರೆ ಮಾದರಿಯ ಭಾಗ ಹಾಕಿ ಅಪಘಾತವಾದರೆ ವಿಮೆಯವರು ಪ್ರಶ್ನೆ ಎತ್ತಬಹುದು.

ಕೊನೆಗೆ ಮಾಡಿಸಿದ್ದು ಇವು: ಮುಂದೆ ಹೊಸ ಡಿಸ್ಕ್, ಒಳ್ಳೆಯ ಪ್ಯಾಡ್. ಹಿಂದೆ ಡ್ರಮ್ಮನ್ನು ಲೇತಿಗೆ ಕೊಟ್ಟು ಗೀರು ತೆಗೆಸಿ, ಹೊಸ ಶೂ. ಬಿರುಕು ಬಿಟ್ಟಿದ್ದ ರಬ್ಬರ್ ಹೋಸ್ ಪೈಪು ನಾಲ್ಕೂ ಬದಲಿ. ಸೋರುತ್ತಿದ್ದ ಒಂದು ವೀಲ್ ಸಿಲಿಂಡರ್. ಹಳೇ ಆಯಿಲ್ ಪೂರ್ತಿ ತೆಗೆದು ಡಾಟ್ 4, ನಾಲ್ಕೂ ಗಾಲಿಯಲ್ಲಿ ಏರ್ ತೆಗೆಯುವ ತನಕ ನಾನೇ ಕೂತು ಪೆಡಲ್ ಒತ್ತಿದೆ. ಆರು ವರ್ಷ ಹಳೆಯ ಟೈರುಗಳಿಗೂ ವಿದಾಯ. ನಾಲ್ಕು ಡಿಸ್ಕಿಗೆ ಬೆಂಗಳೂರಿನಲ್ಲಿ ಕೇಳಿದ್ದರ ಅರ್ಧವೂ ಆಗಲಿಲ್ಲ. ಅದೇ ಕಾರು, ಅದೇ ಅರಬೈಲ್ ಘಟ್ಟ, ಆಮೇಲೆ ಮೂರು ಸಲ ಇಳಿದಿದ್ದೇವೆ. ಪೆಡಲ್ ಕಲ್ಲಿನ ಹಾಗೆ ನಿಲ್ಲುತ್ತೆ.

ಆ ದಿನ ಗ್ಯಾರೇಜಿನಲ್ಲಿ ಕಂಡ ಇನ್ನೊಂದು ಸಂಗತಿಯೇ ಈ ಬರಹಕ್ಕೆ ಕಾರಣ. ಪಕ್ಕದಲ್ಲಿ ಒಂದು ಹಳೇ ಜೀಪು ನಿಂತಿತ್ತು. ಹದಿನೆಂಟು, ಹತ್ತೊಂಬತ್ತರ ಹುಡುಗನೊಬ್ಬ ಅದರ ಡ್ರಮ್ ಬಿಚ್ಚಿ, ಕಂಪ್ರೆಸರ್ ಪೈಪು ಹಿಡಿದು ಫುಸ್ ಅಂತ ಗಾಳಿ ಬಿಟ್ಟ. ಬೂದು ಧೂಳಿನ ಮೋಡ ಎದ್ದು ಅವನ ಮುಖ ಮುಚ್ಚಿತು. ಅವನು ಕಣ್ಣು ಉಜ್ಜಿಕೊಂಡು ಮುಂದಿನ ಗಾಲಿಗೆ ಹೋದ. ದೇಶದ ಯಾವ ಗ್ಯಾರೇಜಿಗೆ ಹೋದರೂ ಈ ದೃಶ್ಯ ಕಾಣಬಹುದು.

ಫ್ರೂಡನಿಗೆ ಸಿಕ್ಕ ಆ ಸುಡದ ನಾರು ಇಪ್ಪತ್ತನೇ ಶತಮಾನದ ಬಹುಪಾಲು ಕಾಲ ಜಗತ್ತಿನ ಕಾರು, ಲಾರಿ, ಬಸ್ಸುಗಳನ್ನೆಲ್ಲ ನಿಲ್ಲಿಸಿತು. ಜೊತೆಗೆ ಅದು ಪುಪ್ಪುಸಕ್ಕೆ ಹೋದರೆ ಹೊರಗೆ ಬಾರದ ನಾರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಲ್ನಾರಿನ ಎಲ್ಲ ಬಗೆಗಳನ್ನೂ ಖಚಿತ ಕ್ಯಾನ್ಸರ್ ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಇವತ್ತು ಉಸಿರಾಡಿದ ಧೂಳು ಕಾಯಿಲೆಯಾಗಿ ತೋರಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕಾಗಬಹುದು. ಅಷ್ಟು ಹೊತ್ತಿಗೆ ಆ ಹುಡುಗ ಬೇರೆ ಊರಿನಲ್ಲಿ, ಬೇರೆ ಕೆಲಸದಲ್ಲಿ ಇರುತ್ತಾನೆ. ಕೆಮ್ಮಿಗೂ ಡ್ರಮ್ಮಿಗೂ ಯಾರೂ ಗಂಟು ಹಾಕೋದಿಲ್ಲ. ಯುರೋಪಿನ ಒಕ್ಕೂಟ 2005ರಿಂದ ಕಲ್ನಾರನ್ನು ನಿಷೇಧಿಸಿದೆ. ನಮ್ಮಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಅಂತ ಹೇಳಿತು. ಒಳ್ಳೆಯ ತೀರ್ಪು. ಆದರೆ ರಸ್ತೆ ಬದಿಯ ಗ್ಯಾರೇಜಿನ ಹುಡುಗನಿಗೆ ದಾಖಲೆ ಪುಸ್ತಕವೇ ಇಲ್ಲ. ಕಲ್ನಾರಿನ ಆಮದು ಪೂರ್ತಿ ನಿಂತಿಲ್ಲ, ಅದರ ದೊಡ್ಡ ಪಾಲು ಮನೆ ಚಾವಣಿಯ ಸಿಮೆಂಟ್ ಶೀಟಿಗೆ ಹೋಗುತ್ತೆ. ಹೆಸರಾಂತ ಕಂಪನಿಗಳ ಕಾರಿನ ಪ್ಯಾಡು, ಶೂಗಳು ಈಗ ಕಲ್ನಾರು ಇಲ್ಲದೆ ತಯಾರಾಗುತ್ತವೆ. ಹೆಸರಿಲ್ಲದ ಡಬ್ಬಿಯ ಅಗ್ಗದ ಮಾಲಿನೊಳಗೆ ಏನಿದೆ ಅಂತ ಕಣ್ಣಲ್ಲಿ ನೋಡಿ ಹೇಳಲು ಆಗದು.

ಬ್ರೇಕಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪೇಟೆಂಟುಗಳ ಪಟ್ಟಿಯಾಗಿ ಓದುತ್ತೇವೆ. ನನಗೆ ಅದು ಬೇರೆ ಥರ ಕಾಣುತ್ತೆ. ಎತ್ತಿನ ಕುತ್ತಿಗೆ, ಚಮ್ಮಾರನ ಚರ್ಮ, ಗಾಡಿಯವನ ಹಳೇ ಬೂಟು, ಲೈನರ್ ಹೊಡೆಯುವವನ ಉಸಿರು. ನಾವು ಸುರಕ್ಷಿತವಾಗಿ ನಿಲ್ಲಲಿ ಅಂತ ಪ್ರತಿ ಕಾಲದಲ್ಲೂ ಯಾರದೋ ಒಂದು ಸವೆದಿದೆ. ಹಾಗಾಗಿ ಅಪ್‌ಗ್ರೇಡ್ ಅನ್ನುವ ಪದಕ್ಕೆ ನನ್ನ ಮಟ್ಟಿಗೆ ಈಗ ಎರಡು ಅರ್ಥ. ಒಂದು, ಇರುವ ಬ್ರೇಕ್ ಇರಬೇಕಾದ ಹಾಗೆ ಇರೋದು. ಎರಡು, ಅದನ್ನು ಬದಲಿಸುವವನೂ ನೆಟ್ಟಗಿರೋದು.

ಎರಡನೆಯದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಶೂ ಅಥವಾ ಪ್ಯಾಡಿನ ಡಬ್ಬಿ ನಿಮ್ಮೆದುರಿಗೇ ತೆರೆಯಲು ಹೇಳಿ, ಕಲ್ನಾರು ರಹಿತ ಅಂತ ಅಚ್ಚಾಗಿದೆಯಾ ಓದಿ. ಡ್ರಮ್ ಬಿಚ್ಚುವಾಗ ಕಂಪ್ರೆಸರ್ ಗಾಳಿ ಬಿಡಬೇಡಿ ಅನ್ನಿ. ಬ್ರೇಕ್ ಕ್ಲೀನರ್ ಅಥವಾ ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಕಟ್ಟಿ ಎಸೆಯಲಿ. ಮಿಸ್ತ್ರಿಗೆ ಇದು ಹತ್ತು ನಿಮಿಷದ ಹೆಚ್ಚಿನ ಕೆಲಸ, ಅದಕ್ಕೆ ನೂರು ರೂಪಾಯಿ ಜಾಸ್ತಿ ಕೊಡಿ. ನಾನು ಮುಂದಿನ ಸಲ ಹೋದಾಗ ಒಂದು ಡಜನ್ ಒಳ್ಳೆಯ ಮಾಸ್ಕ್ ಒಯ್ದು ಕೊಟ್ಟೆ. ಮೊದಮೊದಲು ಹುಡುಗರು ನಕ್ಕರು. ‘ಕರೋನಾ ಹೋತಲ್ರಿ ಸರ’ ಅಂದ ಒಬ್ಬ. ಮಿಸ್ತ್ರಿ ಮಾತ್ರ ನಗಲಿಲ್ಲ. ಡಬ್ಬಿಯಿಂದ ಒಂದು ತೆಗೆದು ತಾನೇ ಮೊದಲು ಹಾಕಿಕೊಂಡು, ಇನ್ನೊಂದನ್ನು ಆ ಜೀಪಿನ ಹುಡುಗನ ಕೈಗೆ ಕೊಟ್ಟ.